ಲವಂಗವಿಲ್ಲದ ಯಖನಿ

ಬೀದರದ ದವಾಖಾನೆಯಲ್ಲಿ ನನಗೆ ಬಾವಿ ನೀರಿನ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ನೌಕರಿ. ಅವಕ್ಕೆ ಮಾಂಸದ ಸಾರು ಬೇಕು. ಮೆಹಕರದ ಲಿಂಗವಂತರ ಮಗ ನಾನು ಅದನ್ನು ಮುಟ್ಟಲಾರೆ. ಹೀಗಾಗಿ ಕೆಲಸವನ್ನೆಲ್ಲ ಜವಾನ ಬದ್ರೋದ್ದೀನ ಚಾಚಾ ಮಾಡುತ್ತಿದ್ದರು, ಪಗಾರ ನಾನು ಎಣಿಸುತ್ತಿದ್ದೆ.

ಚಾಚಾ ಬಗದಲ್‌ನವರು. ಮದುವೆಗಳಲ್ಲಿ ಅಡುಗೆ ಮಾಡಿ ಮಾಡಿ ಮಂಡಿ ಸೋತ ಮೇಲೆ ನಮ್ಮಲ್ಲಿ ಸೇರಿದವರು. ಯಖನಿ ಎಂದು ಕರೆದು ಆ ಸಾರಿಗೆ ಲವಂಗ ಹಾಕುತ್ತಿದ್ದರು. ಲವಂಗವಿದ್ದಲ್ಲಿ ಜೀವಾಣು ಏಳುವುದಿಲ್ಲ. ಅದು ಗೊತ್ತಾಗುವವರೆಗೆ ಊರ ಬಾವಿಗಳೆಲ್ಲ ಶುದ್ಧವೆಂದು ಬರೆದು, ನನ್ನ ಕೈಗುಣವೆಂದು ಬೀಗಿದ್ದೆ. ಡಾಕ್ಟರ್ ಸಾಹೇಬರು ಬೈದ ಮೇಲೂ ಚಾಚಾ ನಾಲ್ಕು ಲವಂಗ ಜಾರಿಸುತ್ತಿದ್ದರು. ಮೆಹಮಾನರಿಗೆ ಸಪ್ಪೆ ಯಖನಿ ಬಡಿಸುವ ಮನೆತನ ತಮ್ಮದಲ್ಲ ಎನ್ನುತ್ತಿದ್ದರು.

೧೯೪೮ರ ಸೆಪ್ಟೆಂಬರಿನಲ್ಲಿ ಹಿಂದುಸ್ಥಾನದ ಫೌಜು ಬಂತು, ನಿಜಾಮನ ರಜಾಕಾರರು ಓಡಿದರು. ಅವರ ಮೇಲಿನ ಸಿಟ್ಟನ್ನು ಸಿಕ್ಕ ಮುಸಲ್ಮಾನರ ಮೇಲೆ ತೀರಿಸುವ ಗುಂಪುಗಳು ತಿರುಗತೊಡಗಿದವು. ಚಾಚಾರನ್ನು ಪರೀಕ್ಷಾ ಕೋಣೆಯಲ್ಲಿಟ್ಟು ಹೊರಗಿನಿಂದ ಕೀಲಿ ಹಾಕಿದೆ. ಹಿಂದಿನ ಕಿಡಕಿಯಿಂದ ರೊಟ್ಟಿ ಕೊಡುತ್ತಿದ್ದೆ.

ಮೂರನೆಯ ದಿನ ಕೊಡಲಿ ಹಿಡಿದವರು ಬಂದರು. ಮುಂದೆ ನಿಂತವರು ನನ್ನ ಸೋದರಮಾವ ಹಾವಗೆಪ್ಪ. ಒಳಗೆ ಏನಿದೆ ಎಂದು ಕೇಳಿದರು. ಹೈಜಾ ಬೆಳೆಸುತ್ತಿದ್ದೇವೆ, ಕಾಲರಾದ ಜೀವಾಣು ಎಂದೆ. ತೋರಿಸು ಎಂದರು. ಇನ್ನೂ ಬೆಳೆದಿಲ್ಲ, ನಾಳೆ ಬನ್ನಿರಿ ಎಂಬ ಪೆದ್ದ ಮಾತು ನನ್ನ ಬಾಯಿಂದ ಬಿತ್ತು. ಬಾಗಿಲಿಗೆ ಇಬ್ಬರನ್ನು ಕಾವಲು ಕೂರಿಸಿ ಹೋದರು.

ಒಳಗಿದ್ದದ್ದು ಬಾವಿ ನೀರಿನಂತೆ ತಿಳಿಯಾದ ಲವಂಗದ ಸಾರು. ಅದಕ್ಕೆ ಹೆದರುವವರು ಯಾರು?

"ಚಾಚಾ, ಇವತ್ತ ಲವಂಗ ಬ್ಯಾಡ್ರಿ," ಎಂದು ಕಿಡಕಿಯಲ್ಲಿ ಪಿಸುಗುಟ್ಟಿದೆ.

ಉಳಿದ ಎಲುಬು ಕುದಿಸಿ ಆರಿಸಿದರು. ನಾನು ಸೀಸೆಗೆ ಹಾಕಲು ಒಂದು ಚಮಚ ಮೋರಿ ನೀರು ಕೊಟ್ಟೆ. ಮೊದಲು ಏನೂ ಕಾಣುವುದಿಲ್ಲ. ಜೀವಾಣು ಹೊಸ ಮನೆಗೆ ಹೊಂದಿಕೊಳ್ಳುತ್ತಿರುತ್ತದೆ. ಆಮೇಲೆ ಅರ್ಧ ಗಂಟೆಗೊಮ್ಮೆ ಒಂದು ಎರಡು, ಎರಡು ನಾಲ್ಕು. ಸೀಸೆ ತುಂಬಿ ಆಹಾರ ಮುಗಿದರೆ ತಮ್ಮ ಹೊಲಸಿನಲ್ಲೇ ಸಿಕ್ಕಿಬೀಳುತ್ತವೆ. ಚಾಚಾ ಸೀಸೆಯಿಂದ ಕಣ್ಣು ತೆಗೆಯಲಿಲ್ಲ.

ಹೊತ್ತು ಕಳೆಯಲೆಂದು ಸಾಹೇಬರು ಪರದೇಶದ ಪತ್ರಿಕೆಯಲ್ಲಿ ಓದಿದ್ದನ್ನು ಹೇಳಿದೆ. ಎರಡು ಬಗೆಯ ಜೀವಾಣು, ಒಂದಕ್ಕೆ ಒಂದು ಕೊರತೆ, ಇನ್ನೊಂದಕ್ಕೆ ಬೇರೆ ಕೊರತೆ. ಬಡ ಆಹಾರದಲ್ಲಿ ಎರಡೂ ಬೆಳೆಯವು. ಕೂಡಿಸಿಟ್ಟರೆ ಮಾತ್ರ ಮೈಗೆ ಮೈ ತಾಗಿ ಒಂದರ ಹುಟ್ಟುಗುಣ ಇನ್ನೊಂದಕ್ಕೆ ದಾಟಿ, ಆ ಬಡ ಆಹಾರದಲ್ಲೂ ಬದುಕುವ ಕೆಲವು ಹುಟ್ಟುತ್ತವಂತೆ.

"ಹಂಗಾದ್ರ ನಿನ್ನ ಬಲ್ಲಿ ಏನದ, ನನಗ ಕೊಡ್ಲಾಕ?"

"ಸುಳ್ಳು ಅದರಿ ಚಾಚಾ."

"ಅದು ನಿನ್ನ ಬಲ್ಲೇ ಇರಲಿ. ನಾಳೆ ಬೇಕಾಗ್ತದ."

ಬೆಳಿಗ್ಗೆ ಸೀಸೆ ಬೂದಿ ಕದಡಿದಂತೆ ಮಬ್ಬಾಗಿ ನಾರುತ್ತಿತ್ತು. ಚಾಚಾ ಕಪಾಟಿನ ಹಿಂದೆ ಸರಿದರು. ಗುಂಪು ಬಂದಾಗ ನಾನು ಕೀಲಿ ತೆಗೆದು, ಸೀಸೆಯನ್ನು ಮಾವನ ಮೂಗಿನ ಮುಂದೆ ಹಿಡಿದೆ. ಒಂದು ಹನಿ ತುಳುಕಿ ಅವರ ಚಪ್ಪಲಿಯ ಹತ್ತಿರ ಬಿತ್ತು.

"ವೈಜ್ಯಾ, ಅತ್ತ ಹಿಡಿ ಅದನ್ನ," ಎಂದು ಮಾವ ನನ್ನನ್ನು ಗದರಿದರು.

"ಒಳಗ ಬರ್ತೀರೇನ್ರಿ ಮಾಮಾ?"

ಬರಲಿಲ್ಲ. ಆದರೆ ಮಾವ ಊರ ಹಿತ ನೋಡುವವರು. ಹೈಜಾ ಹೊರಗೆ ಬರಬಾರದೆಂದು ಬಡಿಗನನ್ನು ಕರೆಸಿ, ಬಾಗಿಲಿಗೂ ಕಿಡಕಿಗೂ ಹಲಗೆ ಹೊಡೆಸಿ ಊರಿಗೆಲ್ಲ ಸಾರಿದರು. ಕೀಲಿ ನನ್ನ ಕಿಸೆಯಲ್ಲಿತ್ತು. ಮೊಳೆ ಕಿತ್ತರೆ ಒಳಗೆ ಮನುಷ್ಯನಿದ್ದಾನೆಂದು ನಾನೇ ಸಾರಿದಂತೆ.

ಹನ್ನೆರಡು ದಿನ ಹಲಗೆಯ ಸಂದಿನಿಂದ ರೊಟ್ಟಿ ಮಡಚಿ ತೂರಿಸಿದೆ, ಬಿದಿರು ನಳಿಗೆಯಲ್ಲಿ ನೀರು ಬಿಟ್ಟೆ. ಮೊದಲು ಚಾಚಾ ಚೇಷ್ಟೆ ಮಾಡುತ್ತಿದ್ದರು. ಆಮೇಲೆ ಹೆಂಡತಿ ಮಹಮೂದಾ ಬೇಗಂ ಬದುಕಿದ್ದಾಳೆಯೇ ಎಂದಷ್ಟೇ ಕೇಳುತ್ತಿದ್ದರು. ಕೊನೆಗೆ ಅದನ್ನೂ ಕೇಳಲಿಲ್ಲ. ಬೆರಳು ಮಾತ್ರ ಸಂದಿಗೆ ಬರುತ್ತಿದ್ದವು.

ಹದಿಮೂರನೆಯ ದಿನ ಹೈಜಾ ನೋಡಲು ಬಂದ ಫೌಜಿನ ಡಾಕ್ಟರರು ಹಲಗೆ ಕೀಳಿಸಿದರು. ಚಾಚಾ ಗೋಡೆ ಹಿಡಿದು ಹೊರಬಂದು, ಫೌಜಿನ ಗಾಡಿಯಲ್ಲಿ ಬಗದಲ್‌ಗೆ ಹೋದರು. ಬೇಗಂ ಬದುಕಿದ್ದರು.

ತಿಂಗಳ ಮೇಲೆ ಕೆಲಸಕ್ಕೆ ಮರಳಿದರು. ಈಗ ಸಾರಿಗೆ ಲವಂಗ ಹಾಕುವುದಿಲ್ಲ. ನನ್ನ ಚಹಾಕ್ಕೆ ಹಾಕುತ್ತಾರೆ. ಮಾವ ಇಂದಿಗೂ ನನ್ನ ಕೈಯ ನೀರು ಕುಡಿಯುವುದಿಲ್ಲ. ಚಾಚಾ ಒಳಗಿರುವಷ್ಟು ಹೊತ್ತೂ ಕೋಣೆಯ ಬಾಗಿಲಿಗೆ ಕಲ್ಲು ಇಟ್ಟಿರುತ್ತಾರೆ, ಗಾಳಿಗೂ ಮುಚ್ಚಬಾರದೆಂದು.