ತಳ್ಳಿದವರಿಗೆ ಸೀಟಿಲ್ಲ

ಹೋದ ಭಾನುವಾರ ನನ್ನ ತಮ್ಮನ ಮಗ ಗಿರೀಶ ಮಧುಗಿರಿಯ ನಮ್ಮ ಮನೆ ಮುಂದೆ ಅರವತ್ತು ವರ್ಷ ದಾಟಿದ ಒಂದು ಕಪ್ಪು ಕಾರು ತಂದು ನಿಲ್ಲಿಸಿದ. ಎಲ್ಲೋ ಕೊಟ್ಟಿಗೆಯಲ್ಲಿ ಕೋಳಿ ಕಾವು ಕೂರುತ್ತಿದ್ದ ಕಾರಂತೆ. ಇವನು ತಂದು ಬಣ್ಣ ಹೊಡೆಸಿ, ಕನ್ನಡಿಯ ಹಾಗೆ ಹೊಳೆಯಿಸಿದ್ದ. ಹಿಂದಿನ ಬಾಗಿಲು ತೆಗೆದು, "ಅತ್ತೆ, ಒಂದ್ಸಲ ಮೂಸಿ ನೋಡಿ, ನಿಮ್ ಬಾಲ್ಯ ವಾಪಸ್ ಬರುತ್ತೆ" ಅಂದ. ಮೂಸಿದೆ. ಬಿಸಿಲಿಗೆ ಕಾದ ರೆಕ್ಸಿನ್, ಸೀಟಿನೊಳಗಿನ ತೆಂಗಿನ ನಾರು, ಪೆಟ್ರೋಲು. ಬಾಲ್ಯ ಬರಲಿಲ್ಲ, ಬಲಭುಜ ನೋಯತೊಡಗಿತು.

ಹಳೇ ಕಾರುಗಳನ್ನು ಹೊಗಳುವುದು ಈಗೊಂದು ಗೀಳಾಗಿದೆ, ನೀವೂ ನೋಡಿರುತ್ತೀರಿ. ಬೆಳಗಾದರೆ ಫೋನಿಗೆ ಚಿತ್ರಗಳು ಬಂದು ಬೀಳುತ್ತವೆ. "ಆಗಿನ ತಗಡು ನೋಡಿ, ಗುದ್ದಿದರೆ ಗೋಡೆಯೇ ಬೀಳಬೇಕು" ಎಂದು ಒಬ್ಬ. "ಆಗ ಕಾರಿಗೂ ಒಂದು ಆತ್ಮ ಇತ್ತು" ಎಂದು ಇನ್ನೊಬ್ಬ. ತಗಡು ಗಟ್ಟಿ ಇತ್ತು ಕಣಪ್ಪ, ಒಪ್ಪಿದೆ, ಅದಕ್ಕೇ ಅಷ್ಟು ಭಾರ. ಎಷ್ಟು ಭಾರ ಎಂದು ಸ್ಟಿಯರಿಂಗ್ ಹಿಡಿದವರನ್ನು ಕೇಳಿ ಏನು ಪ್ರಯೋಜನ? ಹಿಂದಿನಿಂದ ತಳ್ಳಿದವರನ್ನು ಕೇಳಬೇಕು. ಆತ್ಮದ ವಿಚಾರ ನನಗೆ ಗೊತ್ತಿಲ್ಲ. ನಮ್ಮ ಕಾರಿನಲ್ಲಿ ಅದು ಇದ್ದಿದ್ದರೆ ಐದು ವರ್ಷದಲ್ಲಿ ಒಂದು ದಿನವಾದರೂ ಅದಕ್ಕೆ ನಾಚಿಕೆಯಾಗಬೇಕಿತ್ತು.

ನಮ್ಮ ಕಾರು ಯಾವ ಕಂಪನಿಯದು ಎಂದು ಕೇಳಬೇಡಿ. ಕೊರಟಗೆರೆಯಲ್ಲಿ ಯಾರೋ ಬೇಸತ್ತು ಬಿಟ್ಟಿದ್ದನ್ನು ಅಪ್ಪ ತರುವ ಹೊತ್ತಿಗೆ ಅದರ ಹೆಸರಿನ ಫಲಕ ಉದುರಿಹೋಗಿತ್ತು. ಅಪ್ಪನದು ಕಡಲೆಕಾಯಿ ಮಂಡಿ. ದಿನವೂ ಮಂಡಿಗೆ, ವಾರಕ್ಕೊಮ್ಮೆ ಪಾವಗಡ ದಾಟಿ ವೈ.ಎನ್. ಹೊಸಕೋಟೆಗೆ ಕಾಯಿ ನೋಡಲು ಹೋಗುತ್ತಿದ್ದರು. ಕಾರಿಗೆ ಮುಂದುಗಡೆ ಹ್ಯಾಂಡಲ್ ಹಾಕಿ ತಿರುಗಿಸುವ ಏರ್ಪಾಡಿತ್ತು. ಮೊದಲ ತಿಂಗಳೇ ಆ ಹ್ಯಾಂಡಲ್ಲು ಹಿಂದಕ್ಕೆ ಒದ್ದು ಅಪ್ಪನ ಮುಂಗೈ ಬದನೆಕಾಯಿಯಂತೆ ಊದಿಕೊಂಡಿತು. ಗುಂಡಿ ಒತ್ತಿದರೆ ಹೊರಡಬೇಕಾದ ಸೆಲ್ಫು ಕೊರಟಗೆರೆಯಲ್ಲೇ ಕೆಟ್ಟಿತ್ತು. ಅಲ್ಲಿಂದ ಮುಂದೆ ಕಾರು ಹೊರಡಿಸುವ ಕೆಲಸ ಅಮ್ಮನದಾಯಿತು.

ಅದರ ಕ್ರಮ ಹೇಳುತ್ತೇನೆ, ಕೇಳಿ. ಮನೆಯ ಹೆಂಗಸರು ಬೀದಿಯಲ್ಲಿ ಕಾರು ತಳ್ಳುವುದನ್ನು ಯಾರಾದರೂ ಕಂಡರೆ ಅಪ್ಪನ ಮಾನ ಹೋಗುತ್ತದೆ. ಆದ್ದರಿಂದ ಬೀದಿ ಏಳುವ ಮೊದಲೇ, ಬಾಗಿಲಿಗೆ ನೀರು ಹಾಕುವ ನೆಪದಲ್ಲಿ, ಅಮ್ಮ, ಸ್ವಲ್ಪ ಬೆಳೆದ ಮೇಲೆ ನಾನು, ಮನೆಗೆಲಸದ ತಿಮ್ಮಕ್ಕ ಹೊರಗೆ ಬರಬೇಕು. ಅಪ್ಪ ಪಂಚೆ ಸರಿಮಾಡಿಕೊಂಡು, ಹಣೆಗೆ ವಿಭೂತಿ ಹಚ್ಚಿಕೊಂಡು, ಒಳಗೆ ಕೂರುತ್ತಾರೆ. ನಾವು ತಳ್ಳುತ್ತೇವೆ. ಕಾರು ನಾಲ್ಕು ಮನೆ ದೂರ ಕೆಮ್ಮುತ್ತ ಹೋಗಿ ಗುರ್ ಎನ್ನುತ್ತದೆ. ಅಪ್ಪ ಹಿಂದೆ ತಿರುಗದೆ ಹೊರಟುಹೋಗುತ್ತಾರೆ. ನಾವು ಹೊಗೆ ಕುಡಿದು ಒಳಗೆ ಬಂದು ರಂಗೋಲಿ ಡಬ್ಬಿ ಹುಡುಕುತ್ತೇವೆ. "ಇದ್ರ ಬದ್ಲು ಎಮ್ಮೆ ಕಟ್ಟಿದ್ರೆ ಹಾಲಾದ್ರೂ ಕೊಡದು ಕಣಮ್ಮ" ಎಂದು ತಿಮ್ಮಕ್ಕ ದಿನವೂ ಹೇಳುತ್ತಿದ್ದಳು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಇಷ್ಟಕ್ಕೂ ನಾಲ್ಕು ಮನೆ ಆಚೆಗೆ ಒಳ್ಳೇ ಇಳಿಜಾರಿತ್ತು. ರಾತ್ರಿ ಕಾರನ್ನು ಅಲ್ಲಿ ನಿಲ್ಲಿಸಿದ್ದರೆ ಬೆಳಿಗ್ಗೆ ಬ್ರೇಕು ಬಿಟ್ಟರೆ ಸಾಕು, ತಾನಾಗಿ ಉರುಳುತ್ತಿತ್ತು. ಆದರೆ ಅದು ಜವಳಿ ಅಂಗಡಿಯವರ ಮನೆ ಮುಂದೆ. "ಕಾರು ನಮ್ದು, ನೋಡೋರು ಅವ್ರ ಮನೇದು ಅನ್ಕಂಡ್ರೆ?" ಎಂದು ಅಪ್ಪ ಕೇಳುತ್ತಿದ್ದರು. ಹೊಸಕೋಟೆಯಲ್ಲಿ ಮಾತ್ರ ಜಾಣತನದಿಂದ ದಿಬ್ಬದ ಮೇಲೆಯೇ ನಿಲ್ಲಿಸುತ್ತಿದ್ದರಂತೆ. ಅಲ್ಲಿ ತಳ್ಳುವುದಕ್ಕೆ ಹೆಂಡತಿ ಇರಲಿಲ್ಲವಲ್ಲ.

ಸಿರಾದಲ್ಲಿ ರಹೀಂ ಸಾಬರು ಎಂಬ ಮೆಕ್ಯಾನಿಕ್ ಇದ್ದರು. ಒಮ್ಮೆ ಮಂಡಿಗೆ ಬಂದವರು ನಮ್ಮ ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತ, "ಯಜಮಾನ್ರೇ, ಅರ್ಧ ದಿನ ಗಾಡಿ ನಮ್ ಶೆಡ್ಡಲ್ಲಿ ಬುಟ್ಟೋಗಿ. ಸೆಲ್ಫು ಸರಿ ಮಾಡಿ, ನಿಂತಾಗ ಆರೋಗೋದನ್ನೂ ನಿಲ್ಲಿಸ್ಬುಡ್ತೀನಿ. ಏಕ್‌ದಂ ಪಸಂದಾಗಿ ಓಡ್ತದೆ" ಅಂದರು. ಬಾಗಿಲ ಹಿಂದೆ ನಿಂತ ಅಮ್ಮ ಉಸಿರು ಹಿಡಿದಿದ್ದಳು. ಅಪ್ಪ ತಲೆ ಅಲ್ಲಾಡಿಸಿದರು. ಅರ್ಧ ದಿನ ಕಾರಿಲ್ಲದೆ ಓಡಾಡಿದರೆ ಮಾರಿಕೊಂಡರು ಎಂದು ಊರು ಆಡಿಕೊಳ್ಳುತ್ತದಂತೆ. "ಅಮ್ಮಾವ್ರ ತೋಳು ನೋಯಲ್ವಾ?" ಎಂದು ಸಾಬರು ಮೆಲ್ಲಗೆ ಕೇಳಿದ್ದಕ್ಕೆ ಅಪ್ಪನಿಗೆ ಸಿಟ್ಟು ಬಂತು. ಗುಟ್ಟು ಸಿರಾದವರೆಗೆ ಹೋಗಿದೆಯಲ್ಲ ಎಂದು ಸಿಟ್ಟು, ತೋಳಿನ ವಿಚಾರಕ್ಕಲ್ಲ.

ಇಷ್ಟು ತಳ್ಳಿದ ಅಮ್ಮ ಆ ಕಾರಿನಲ್ಲಿ ಒಂದು ಸಲವೂ ಕೂತಿರಲಿಲ್ಲ. ಹೇಗೆ ಕೂರುತ್ತಾಳೆ? ಹತ್ತಿಕೊಂಡ ಇಂಜಿನ್ನು ನಿಲ್ಲಿಸಿದರೆ ಆರಿಹೋಗುತ್ತಿತ್ತು, ತಳ್ಳಿದವರನ್ನು ಹತ್ತಿಸಿಕೊಳ್ಳಲು ಕಾರು ನಿಲ್ಲುವಂತಿರಲಿಲ್ಲ. ಬೀದಿಯ ಮದುವೆ ಹೆಣ್ಣುಗಳು ಕೂತರು, ಬಾಣಂತಿಯರು ಕೂತರು, ಪಟ್ಟನಾಯಕನಹಳ್ಳಿ ಮಠಕ್ಕೆ ಹೊರಟ ಹಿರಿಯರು ಕೂತರು. ಅಮ್ಮನ ತವರು ಹೊಸಕೋಟೆಗೆ ಒಂದು ಮೈಲಿ ಈಚೆ, ರಸ್ತೆಯಿಂದ ಒಳಕ್ಕೆ. ಅಪ್ಪ ವಾರವಾರ ಅದೇ ದಾರಿಯಲ್ಲಿ ಹೋಗಿಬರುತ್ತಿದ್ದರೆ ಅಮ್ಮ ವರ್ಷಕ್ಕೊಮ್ಮೆ ಬಸ್ಸಿನಲ್ಲಿ ಹೋಗುತ್ತಿದ್ದಳು. ಹಾಗೆ ಹೋದಾಗ, ಹಾಸಿಗೆ ಹಿಡಿದಿದ್ದ ನಮ್ಮಜ್ಜಿ ಅವಳ ಕೈ ಹಿಡಿದುಕೊಂಡು, ತನ್ನ ತೆಲುಗು ಬೆರಕೆ ಮಾತಿನಲ್ಲಿ, "ಏಮ್ಮಾ, ನಿನ್ ಗಂಡಂಗೆ ಕಾರೈತಂತೆ. ಒಕಸಾರಿ ಅದ್ರಾಗೆ ಬಂದು ನನ್ ಬಾಕ್ಲಾಗೆ ಇಳಿ ತಲ್ಲೀ, ನೋಡ್ಕಂಡು ಸಾಯ್ತೀನಿ" ಅಂದಿತ್ತು.

ಅಮ್ಮ ಜೀವನದಲ್ಲಿ ಅಪ್ಪನನ್ನು ಹಟ ಹಿಡಿದು ಕೇಳಿದ್ದು ಅದೊಂದೇ. ಅಪ್ಪ ಮೂರು ತಿಂಗಳ ಕಾಲ "ಆಗಲಿ, ನೋಡೋಣ" ಅಂದು, ಕೊನೆಗೆ ಒಪ್ಪಿದರು. ಆಗ ನನಗೆ ಹತ್ತು ವರ್ಷ, ತಮ್ಮ ಇನ್ನೂ ಹುಟ್ಟಿರಲಿಲ್ಲ. ಅಮ್ಮ ಮೊಳಕಾಲ್ಮೂರು ಸೀರೆ ಉಟ್ಟಳು. ಅಜ್ಜಿಗೆ ಇಷ್ಟವೆಂದು ತಂಬಿಟ್ಟು ಕಟ್ಟಿಕೊಂಡಳು. ಆವತ್ತು ತಳ್ಳಲು ಮಂಡಿಯಿಂದ ನಾಲ್ವರು ಹಮಾಲಿಗಳು ಬಂದಿದ್ದರು. "ನಿಧಾನಕ್ಕೆ ತಳ್ರಲೇ, ಒಳಗೆ ಹೆಣ್ಮಕ್ಳು ಕೂತವ್ರೆ" ಎಂದು ಅಪ್ಪ ಗದರಿಸಿದರು. ಆ ಮಾತಿಗೆ ತಿಮ್ಮಕ್ಕ ಬಾಗಿಲಲ್ಲಿ ನಿಂತು ಮೂಗು ಮುರಿದದ್ದು ನನಗೆ ಇನ್ನೂ ಕಾಣುತ್ತದೆ.

ಅಮ್ಮ ಕೂತಿದ್ದ ರೀತಿಯೂ ಕಾಣುತ್ತದೆ. ಸೀಟಿನ ತುದಿಯಲ್ಲಿ, ಬೆನ್ನು ತಾಗಿಸದೆ, ಬೇರೆಯವರ ಮನೆಯ ಚಾಪೆಯ ಮೇಲೆ ಕೂತ ಹಾಗೆ ಕೂತಿದ್ದಳು. "ಒರಗಿಕೊಳಮ್ಮ" ಎಂದರೆ, "ಇರ್ಲಿ ಪುಟ್ಟಿ, ಸೀಟು ಹಾಳಾದಾತು" ಅಂದಳು. ಆದರೆ ಊರ ಬೆಟ್ಟ ಹಿಂದಾಗಿ ಗಾಳಿ ಮುಖಕ್ಕೆ ಬಡಿಯತೊಡಗಿದ ಮೇಲೆ ಅವಳ ಕಣ್ಣು ಅರಳಿದವು. ದಾರಿಯ ಹುಣಸೆಮರಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ಅಮ್ಮ ಅಷ್ಟು ಸಂತೋಷವಾಗಿದ್ದದ್ದನ್ನು ನಾನು ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಮಿಡಿಗೇಶಿ ದಾಟಿದ ಮೇಲೆ ಒಂದು ಕುರಿಮಂದೆ ರಸ್ತೆಗೆ ಅಡ್ಡ ಬಂತು. ಅಪ್ಪ ಬ್ರೇಕು ಒತ್ತಿದರು. ಇಂಜಿನ್ನು ಆರಿತು. ಕುರಿಗಳು ಒಂದೊಂದಾಗಿ ದಾಟಿದವು. ಆಮೇಲೆ ಅಪ್ಪ ಹಿಂದೆ ತಿರುಗದೆ, "ಲೇ, ವಸಿ ಇಳಿ" ಅಂದರು. ನಾನೂ ಇಳಿಯಹೋದೆ. "ನೀನ್ ಕೂತ್ಕ, ಬಾಗ್ಲು ತಕ್ಕೊಂಡಿರು, ಓಡ್ಬಂದು ಹತ್ಕಂತೀನಿ" ಎಂದು ಅಮ್ಮ ರೇಷ್ಮೆ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕುರಿ ಕಾಯುವಾತನೂ ಒಂದು ಕೈ ಕೊಟ್ಟ. ಕಾರು ಗುರ್ ಎಂದಿತು. ಅಮ್ಮ ಓಡಿದಳು. ನಾನು ಬಾಗಿಲಿನಿಂದ ಕೈ ಚಾಚಿದೆ. ಅವಳ ಬೆರಳು ನನ್ನ ಬೆರಳಿಗೆ ತಾಗಿದವು ಕೂಡ. ಅಷ್ಟರಲ್ಲಿ, ಎಲ್ಲಿ ಮತ್ತೆ ಆರುತ್ತದೋ ಎಂಬ ಭಯಕ್ಕೆ ಅಪ್ಪ ಪೆಡಲು ಒತ್ತಿದರು.

"ಅಪ್ಪಾ, ಅಮ್ಮ! ನಿಲ್ಸಪ್ಪಾ!" ಎಂದು ಕಿರುಚಿದೆ.

"ಮುಂದೆ ಇಳಿಜಾರು ಸಿಗ್ತದೆ, ಅಲ್ಲಿ ನಿಲ್ಲಿಸ್ತೀನಿ, ಸುಮ್ಕಿರು" ಅಂದರು.

ಇಳಿಜಾರುಗಳು ಸಿಕ್ಕವು. ಒಂದಲ್ಲ, ಮೂರೋ ನಾಲ್ಕೋ. ಪ್ರತಿಯೊಂದೂ ಅಪ್ಪನಿಗೆ ಸ್ವಲ್ಪ ಸಾಲದೆನಿಸಿತು, ಮುಂದಿನದು ಇದಕ್ಕಿಂತ ಚೆನ್ನಾಗಿದೆ ಅನಿಸಿತು. ಹೀಗೆ ಆರಿಸುತ್ತ ಆರಿಸುತ್ತ ದಾರಿಯಲ್ಲಿ ಅಡ್ಡ ಬರುವ ಆಂಧ್ರದ ತುಂಡನ್ನೂ ದಾಟಿ ಪಾವಗಡಕ್ಕೇ ಬಂದುಬಿಟ್ಟೆವು. ಅಪ್ಪನನ್ನು ಇಷ್ಟು ಹಂಗಿಸಿದ ಮೇಲೆ ನನ್ನದೂ ಒಂದು ಮಾತು ಹೇಳಬೇಕು. ಮೊದಲೆರಡು ಮೈಲಿ ನಾನು ಅತ್ತೆ. ಆಮೇಲೆ ಕಿಟಕಿಯ ಹತ್ತಿರ ಸರಿದುಕೊಂಡೆ. ಪಾವಗಡದ ಪೇಟೆಯಲ್ಲಿ ಕಾರು ನೋಡಿ ಹಿಂದೆ ಓಡಿಬಂದ ಮಕ್ಕಳಿಗೆ ರಾಣಿಯ ಹಾಗೆ ಕೈ ಬೀಸಿದೆ. ಇಡೀ ಹಿಂದಿನ ಸೀಟು ನನ್ನೊಬ್ಬಳದೇ ಆಗಿತ್ತು. ಆ ಬೀಸಿದ ಕೈಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಅಜ್ಜಿಯ ಹಾಸಿಗೆಯನ್ನು ಬಾಗಿಲ ಹತ್ತಿರ ಹಾಕಿದ್ದರು. ಕಾರು ಬಂದು ನಿಂತಿತು. ನಾನೊಬ್ಬಳೇ ಇಳಿದೆ. "ಏದಮ್ಮಾ ನನ್ ಮಗಳು?" ಎಂದು ಅಜ್ಜಿ ಕೇಳಿತು. "ಹಿಂದೆ ಬತ್ತಾವ್ಳೆ" ಎಂದು ಅಪ್ಪ ಹೇಳಿ, ಬೇವಿನಮರದ ಕೆಳಗೆ ಕೂತು, ಕಾರು ನೋಡಲು ಬಂದವರಿಗೆ ಅದರ ತಗಡಿನ ಗಟ್ಟಿತನ ವಿವರಿಸತೊಡಗಿದರು.

ಅಮ್ಮ ಬಂದದ್ದು ಬಿಸಿಲು ಇಳಿಯುವ ಹೊತ್ತಿಗೆ. ಹೊಸಕೋಟೆಗೆ ಹೊರಟಿದ್ದ ಕಡಲೆಕಾಯಿ ಲಾರಿಯವರು ಗುರುತು ಹಿಡಿದು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಂದು ರಸ್ತೆಯಲ್ಲಿ ಇಳಿಸಿದ್ದರು. ಅಲ್ಲಿಂದ ಮೈಲಿ ದೂರ ನಡೆದಿದ್ದಳು. ಸೀರೆಯ ಅಂಚು ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಬೇವಿನಮರದ ಕಡೆ ನೋಡದೆ ನೇರ ಬಂದು ಅಜ್ಜಿಯ ಕಾಲ ಬಳಿ ಕುಸಿದು ಕೂತಳು.

"ಕಾರಾಗೇ ಬಂದ್ಯಾ ತಲ್ಲೀ?" ಅಜ್ಜಿ ಕೇಳಿತು.

"ಹೂನಮ್ಮಾ. ಕಾರಾಗೇ ಬಂದೆ."

ಅಜ್ಜಿ ಅಂಗಳದಲ್ಲಿ ಮಧ್ಯಾಹ್ನದಿಂದ ನಿಂತಿದ್ದ ಕಾರನ್ನು ಒಮ್ಮೆ ನೋಡಿತು, ಅಮ್ಮನ ಪಾದಗಳನ್ನು ನೋಡಿತು. ತನ್ನ ಸೆರಗು ಎಳೆದುಕೊಂಡು ಆ ಪಾದಗಳ ಧೂಳು ಒರೆಸಿತು. ಆಗ ಅಮ್ಮ ಅತ್ತಳು. ಆ ಚಳಿಗಾಲದಲ್ಲೇ ಅಜ್ಜಿ ತೀರಿಕೊಂಡಿತು.

ಆ ಸಲ ತವರಿನಿಂದ ನಾನೂ ಅಮ್ಮನೂ ಬಸ್ಸಿನಲ್ಲಿ ವಾಪಸ್ಸು ಬಂದೆವು. ಮಾರನೆಯ ಬೆಳಿಗ್ಗೆ ಅಪ್ಪ ಎಂದಿನಂತೆ ವಿಭೂತಿ ಹಚ್ಚಿಕೊಂಡು ಕಾರಿನಲ್ಲಿ ಕೂತರು. ಅಮ್ಮ ಬಾಗಿಲಿಗೆ ನೀರು ಹಾಕಿ ರಂಗೋಲಿಗೆ ಕೂತಳು.

"ಎದ್ದು ಬಾರೇ, ಬೀದಿ ಏಳ್ತದೆ" ಅಪ್ಪ ಪಿಸುಗುಟ್ಟಿದರು.

"ಏಳ್ಲಿ."

"ಕಾರು ಹೆಂಗೆ ಹೊರಡ್ಬೇಕು?"

"ನೀವು ಕೂತೇ ಇರಿ. ಅದು ಹೊರಟಾಗ ಹೊರಡ್ಲಿ" ಎಂದು ಅಮ್ಮ ಚುಕ್ಕಿಗೆ ಚುಕ್ಕಿ ಸೇರಿಸಿದಳು. ತಿಮ್ಮಕ್ಕ ಪೊರಕೆ ಹಿಡಿದು ಕಂಬದ ಹಾಗೆ ನಿಂತಳು. ಕಾರು ಹೊರಡಲಿಲ್ಲ. ಬೀದಿ ಎದ್ದಿತು. ಕೊನೆಗೆ ಅಪ್ಪ ಜವಳಿ ಅಂಗಡಿಯವರನ್ನೇ ಕೂಗಿ ತಳ್ಳಿಸಿಕೊಳ್ಳಬೇಕಾಯಿತು. ಅವತ್ತು ನೇರ ಸಿರಾಕ್ಕೆ ಹೋದರು. ಸಂಜೆ ಕಾರು ಗುಂಡಿ ಒತ್ತಿದರೆ ಹೊರಡುವಂತಾಗಿ ಬಂತು. "ಒಂದು ತಂತಿ, ಒಂದು ತಿರುಪು, ಅಷ್ಟೇ" ಅಂದಿದ್ದರಂತೆ ರಹೀಂ ಸಾಬರು. ಅಮ್ಮ ಐದು ವರ್ಷ ತಳ್ಳಿದ್ದು ಒಂದು ತಂತಿಯನ್ನು ಮತ್ತು ಒಂದು ತಿರುಪನ್ನು. "ಬಾ, ಕೂತ್ಕ, ಒಂದು ಸುತ್ತು ಹೋಗ್ಬರಾಣ" ಎಂದು ಅಪ್ಪ ಕರೆದರು. "ಮುದ್ದೆ ತಳ ಹಿಡೀತದೆ" ಎಂದು ಅಮ್ಮ ಒಳಗೆ ಹೋದಳು. ಆ ಕಾರು ಇನ್ನೂ ಏಳು ವರ್ಷ ನಮ್ಮ ಬಾಗಿಲಲ್ಲಿತ್ತು. ಅಮ್ಮ ಅದರಲ್ಲಿ ಕೂರಲಿಲ್ಲ.

ಇರಲಿ, ಗಿರೀಶನ ಕಾರಿಗೆ ಬರೋಣ. ಅವನ ಒತ್ತಾಯಕ್ಕೆ ಹಿಂದಿನ ಸೀಟಿನ ತುದಿಯಲ್ಲಿ ಕೂತೆ. ಫೋಟೋ ತೆಗೆಸಿಕೊಂಡದ್ದಾಯಿತು. ಒಂದು ಸುತ್ತು ಹೋಗೋಣವೆಂದು ಗಿರೀಶ ಮುಂದೆ ಕೂತು ಕೀ ತಿರುಗಿಸಿದ. ಕಾರು ಕೆಮ್ಮಿತು, ಸುಮ್ಮನಾಯಿತು. ಮತ್ತೆ ತಿರುಗಿಸಿದ, ಅದೇ ಕೆಮ್ಮು. ಆ ಕೆಮ್ಮಿನ ಪರಿಚಯ ನನಗಿತ್ತು. ಗಿರೀಶ ಕಿಟಕಿಯಿಂದ ತಲೆ ಹಾಕಿ ಹೆಂಡತಿಯನ್ನು ಕೂಗಿದ: "ಶೋಭಾ, ಹಿಂದೆ ಹೋಗಿ ಒಂಚೂರು ತಳ್ಳು ಬಾ."

ಶೋಭಾ ಪಾಪ, ದುಪಟ್ಟಾ ಸೊಂಟಕ್ಕೆ ಕಟ್ಟಿಕೊಳ್ಳುತ್ತ ಹಿಂದಕ್ಕೆ ಹೊರಟಳು.

"ಶೋಭಾ, ನೀನು ಮುಂದೆ ಕೂತ್ಕೋ" ಅಂದೆ. "ಗಿರೀಶ, ನೀನು ಇಳಿ. ನೀನು ತಳ್ಳು."

"ಅತ್ತೆ, ಅವಳಿಗೆ ಈ ಗಾಡಿ ಅಭ್ಯಾಸ ಇಲ್ಲ."

"ನಿಂಗೆ ತಳ್ಳೋ ಅಭ್ಯಾಸ ಇದೆಯಾ? ಇಬ್ಬರೂ ಇವತ್ತೇ ಕಲೀರಿ."

ನನ್ನ ಮುಖ ನೋಡಿ ಅವನು ಇಳಿದ. ಎದುರು ಮನೆಯ ಹುಡುಗರಿಬ್ಬರು ನಗುತ್ತ ಅವನ ಜೊತೆ ಸೇರಿಕೊಂಡರು. ಶೋಭಾ ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು. ಕಾರು ಅಲುಗಿತು, ಉರುಳಿತು, ನಾಲ್ಕು ಮನೆ ದಾಟಿ ಇಳಿಜಾರಿನಲ್ಲಿ ಗುರ್ ಎಂದಿತು. ಹಿಂದಿನಿಂದ ಗಿರೀಶ ಓಡಿಬರುತ್ತಿದ್ದ. "ನಿಲ್ಸು ಶೋಭಾ, ನಿಲ್ಸೇ, ನಾನು ಹತ್ಕೋಬೇಕು!"

ಶೋಭಾಳ ಕಾಲು ಬ್ರೇಕಿನ ಕಡೆ ಹೋಯಿತು.

"ನಿಲ್ಲಿಸಬೇಡ, ಆರಿಹೋಗುತ್ತೆ" ಅಂದೆ. "ಮುಂದೆ ಇಳಿಜಾರು ಸಿಗುತ್ತೆ, ಅಲ್ಲಿ ನೋಡೋಣ."

"ಯಾವ ಕಡೆ ಹೋಗ್ಲಿ ಅತ್ತೆ?"

"ಪಾವಗಡದ ರಸ್ತೆ ಹಿಡಿ."

ಬೆಟ್ಟ ಹಿಂದಾಯಿತು. ಗಾಳಿ ಮುಖಕ್ಕೆ ಬಡಿಯಿತು. ಸೀಟು ಹಾಳಾದರೆ ಆಗಲಿ ಎಂದು ನಾನು ಹಿಂದಕ್ಕೆ ಸರಿದು, ಬೆನ್ನು ಪೂರ್ತಿ ಒರಗಿಸಿ ಕೂತೆ.