ಗೋದಿಹಿಟ್ಟಿನ ಕೂಸು

ರೇಣುಕಾ, ನಿನಗೆ ಮಕ್ಕಳು ಬೇಡ ಎಂದು ಡಾಕ್ಟರು ಹೇಳಿರಲಿಲ್ಲ. ಆ ಮಾತು ನನ್ನದು. ನಿನ್ನ ಅವ್ವನದು.

ಅವತ್ತು ಮಡಗಾಂವದ ದವಾಖಾನೆಯಲ್ಲಿ ನಿನ್ನ ಕೈಕಾಲು ಪರೀಕ್ಷಿಸಲು ಒಳಗಿನ ಕೋಣೆಗೆ ಕರೆದೊಯ್ದಿದ್ದರು. ನಿನ್ನ ಗಂಡ ಫಕೀರಪ್ಪ ಸಾವರ್ಡೆಯ ಕಡೆ ಲಾರಿ ಹೊಡೆಯಲು ಹೋಗಿದ್ದ. ನಿನ್ನ ಮಾತು ತೊದಲುತ್ತದೆಂದು ಡಾಕ್ಟರು ಎಲ್ಲವನ್ನೂ ನನಗೇ ಹೇಳಿದರು — ಕೊಂಕಣಿಯಲ್ಲಿ, ನಿಧಾನವಾಗಿ. ಹುಟ್ಟುವಾಗ ನಿನ್ನ ಮಿದುಳಿಗೆ ಆದ ಪೆಟ್ಟು ಅದು, ಸೆರೆಬ್ರಲ್ ಪಾಲ್ಸಿ. ಕೂಸಿಗೂ ಬಂದೀತೆಂದು ಹೆದರಬೇಡಿ. ಕೈಕಾಲಿನ ಬಿಗಿತಕ್ಕೆ ಕೊಡುವ ಗುಳಿಗೆ ಮೊದಲು ಬದಲಿಸೋಣ, ಆಮೇಲೆ ಬಸಿರಾಗಲಿ, ಬೀಳದಂತೆ ನೋಡಿಕೊಳ್ಳಿ, ನಾವಿದ್ದೇವೆ — ಎಂದರು. ನನಗೆ ಎಲ್ಲ ತಿಳಿಯಿತು. ತಿಳಿಯಲಿಲ್ಲ ಎಂದು ಇನ್ನೊಂದು ಸುಳ್ಳು ಹೇಳಲಾರೆ.

ನೀನು ಹೊರಗೆ ಬಂದವಳೇ ಕೇಳಿದೆ.

"ಏನಂದ್ರವ್ವಾ?"

"ಬ್ಯಾಡ ಅಂದ್ರು. ಜೀವಕ್ಕ ಕುತ್ತ ಐತಂತ."

"ಖರೇನ?"

"ನಾ ಯಾಕ ಸುಳ್ಳ ಹೇಳ್ಲಿ?"

ನಿನ್ನ ಜೀವಕ್ಕೆ ಹೆದರಿ ಹೇಳಿದೆ ಎಂದರೆ ನನಗೆ ಹಗುರಾಗುತ್ತಿತ್ತು. ಹಾಗಲ್ಲ. ನಮ್ಮ ಮನೆಯಿರುವ ಮೋತಿ ಡೊಂಗರ ಗುಡ್ಡದ ಮೆಟ್ಟಿಲುಗಳ ಮೇಲೆ ನಿನ್ನನ್ನು ಹೊತ್ತು ಹೊತ್ತು ನನ್ನ ನಡು ಮುರಿದಿತ್ತು. ಇನ್ನೊಂದನ್ನೂ ನಾನೇ ಹೊರಬೇಕಾದೀತು — ಅಷ್ಟೇ. ಈ ಗುಡ್ಡದ ಎಷ್ಟೋ ಕೂಸುಗಳನ್ನು ಕಾಲ ಮೇಲೆ ಮಲಗಿಸಿಕೊಂಡು ನೀರೆರೆದವಳು ನಾನು. ಎರೆದು, ಒರೆಸಿ, ಅವುಗಳ ತಾಯಂದಿರ ಕೈಗೆ ಕೊಟ್ಟು ಬರುತ್ತಿದ್ದೆ. ನಿನ್ನ ಕೂಸನ್ನು ಹಾಗೆ ನಿನ್ನ ಕೈಗೆ ಕೊಟ್ಟು ಬರಲಾಗದು ಎಂದು ನಾನೇ ತೀರ್ಮಾನಿಸಿಬಿಟ್ಟೆ. ನಿನ್ನನ್ನು ಕೇಳಲಿಲ್ಲ.

ದವಾಖಾನೆಗೆ ಹೋಗುವ ಮೊದಲೇ ನೀನು ಕೂಸು ಹೊರುವ ತಯಾರಿ ನಡೆಸಿದ್ದೆ. ಗೋದಿಹಿಟ್ಟಿನ ಚೀಲವನ್ನು ಹಳೆಯ ಸೀರೆಯಲ್ಲಿ ಎದೆಗೆ ಕಟ್ಟಿಕೊಂಡು, ಗೋಡೆ ಹಿಡಿದು ಮನೆಯೊಳಗೆ ತಿರುಗುತ್ತಿದ್ದೆ.

"ನೋಡವ್ವಾ, ನಿನ್ನ ಮೊಮ್ಮಗ. ಅಳಂಗಿಲ್ಲ, ಹೇಲಂಗಿಲ್ಲ, ಭಾಳ ಚಲೋ ಅದಾನ!"

"ಮೂಗ ಮಾತ್ರ ನಿಮ್ದ ಐತ್ರಿ ಅತ್ತಿ," ಎಂದು ಫಕೀರಪ್ಪ ನನ್ನನ್ನು ಕೆಣಕುತ್ತಿದ್ದ.

ನನ್ನ ಸುಳ್ಳು ಕೇಳಿದ ಸಂಜೆ ಅವನೇ, "ಆಕಿ ಉಳದ್ರ ಸಾಕ್ರಿ," ಎಂದು ಗೋಡೆಯ ಕಡೆ ತಿರುಗಿ ಕೂತ. ನೀನು ಚೀಲ ಬಿಚ್ಚಿದೆ. ಆ ಹಿಟ್ಟನ್ನೇ ನಾದಿ ಚಪಾತಿ ಮಾಡಿದೆ. ನಾನು ಉಂಡೆ.

ಈಗ ನಿನಗೆ ಹೆರುವ ವಯಸ್ಸು ದಾಟಿದೆ. ಮೊನ್ನೆ ನೆರೆಮನೆಯ ಕೂಸಿಗೆ ಎರೆಯುವಾಗ ನನ್ನ ಕೈ ಸೋತು ಚೊಂಬನ್ನು ನಿನಗೆ ಕೊಟ್ಟೆ. ನೀನು ನಿನ್ನ ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಒತ್ತಿ ಹಿಡಿದು ನೀರು ಹೊಯ್ದೆ. ಕೂಸಿನ ಕಣ್ಣಿಗೆ ಒಂದು ಹನಿಯೂ ಬೀಳಲಿಲ್ಲ. ತಾಯಿ ಬಂದು ಅದನ್ನು ಎತ್ತಿಕೊಂಡು ಹೋದಳು. ನೀನು ಖಾಲಿ ಚೊಂಬು ಹಿಡಿದು ಕೂತೇ ಇದ್ದೆ — ನಾನು ನೋಡಿದೆ.

ಇವತ್ತು ಫಕೀರಪ್ಪ ಬಂದ ಮೇಲೆ ಇಬ್ಬರನ್ನೂ ಕೂಡಿಸಿ ಇದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ. ಆಮೇಲೆ ನೀನು ಏನು ಅನ್ನಬೇಕೋ ಅನ್ನು. ತೊದಲಿದರೂ, ತಡವಾದರೂ, ಈ ಸಲ ನಾನು ನಡುವೆ ಬಾಯಿ ಹಾಕುವುದಿಲ್ಲ.