ಫೋನಕ್ಕನ ಕಿವಿ

ನಮ್ಮ ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಫೋನಕ್ಕ ಎನ್ನುತ್ತಿದ್ದರು. ಅರ್ಧ ಆಯುಷ್ಯ ಫೋನಿನ ಮುಂದೆಯೇ ಕಳೆದವಳು. ಪಕ್ಕದ ಕುರ್ಚಿ ನನ್ನದು. ಬಾಯಿ ಜೋರು ನನ್ನದು, ತಾಳ್ಮೆ ಅವಳದು. ನಾನು ರೇಗಿ ಕುಕ್ಕಿದ ಫೋನುಗಳಿಗೆಲ್ಲ ಅವಳೇ ಮತ್ತೆ ಮಾಡಿ ಸಮಾಧಾನ ಹೇಳಬೇಕಿತ್ತು, ಪಾಪ.

ಸಾಂಕ್ರಾಮಿಕ ಬಂದ ವರ್ಷ ನಮ್ಮಿಬ್ಬರನ್ನು ಎಕ್ಸ್‌ರೇ ಕೋಣೆಯ ಪಕ್ಕದ ಗೂಡಿಗೆ ಹಾಕಿದರು. ಸುತ್ತಲಿನ ಸಣ್ಣ ಆಸ್ಪತ್ರೆಗಳಲ್ಲಿ ವೆಂಟಿಲೇಟರ್ ಇರಲಿಲ್ಲ, ನಮ್ಮಲ್ಲಿತ್ತು. ಆದರೆ ಅಂಥ ರೋಗಿಗಳನ್ನು ಅಲ್ಲಿಂದ ಕರೆತರುವ ಆಂಬುಲೆನ್ಸ್ ಇದ್ದದ್ದು ಒಂದೇ ಒಂದು. ಯಾರು ಮೊದಲು ಎಂಬುದನ್ನು ಡಾಕ್ಟರು ತೀರ್ಮಾನಿಸುತ್ತಿದ್ದರು. ಆಕ್ಸಿಜನ್ನಿನ ಅಂಕಿ ಇಬ್ಬರದೂ ಒಂದೇ ಆದರೆ ರೋಗಿಯನ್ನೇ ಮಾತಾಡಿಸಿ ನೋಡಬೇಕೆಂದು ಫೋನಕ್ಕನಿಗೆ ಕಲಿಸಿದ್ದರು. ಎರಡು ಮಾತಿಗೊಮ್ಮೆ ಏದುಸಿರು ಬಿಡುವವರು ಮೊದಲು. ಒಂದೇ ಉಸಿರಿಗೆ ಮಾತು ಮುಗಿಸುವವರು ಸ್ವಲ್ಪ ಕಾಯಬಹುದು. "ನಿಮ್ಮ ಮನೆಗೆ ಬರೋ ದಾರಿ ಹೇಳಿ ನೋಡೋಣ" ಎಂದು ಅವಳು ಕೇಳುತ್ತಿದ್ದಳು.

ಅವಳಿಗೊಬ್ಬ ತಮ್ಮ, ಬಸ್ ಕಂಡಕ್ಟರ್. ತಾಯಿ ತೀರಿಕೊಂಡ ಮೇಲೆ ಇವಳೇ ಎತ್ತಿ ಆಡಿಸಿ ಬೆಳೆಸಿದ್ದು. ಊಟಕ್ಕೆ ಕೂತಾಗ ಇವಳು ಕೆಲಸದ ಕಥೆ ಹೇಳುವುದು, ಅವನು ಅದನ್ನೇ ಅಣಕಿಸಿ ನಗಿಸುವುದು ಅವರ ಮನೆಯ ರೂಢಿ. ಅವನಿಗೂ ಜ್ವರ ಬಂತು, ಸಣ್ಣ ಆಸ್ಪತ್ರೆಯೊಂದಕ್ಕೆ ಸೇರಿಸಿದರು.

ಒಂದು ಮಧ್ಯಾಹ್ನ ಎರಡು ಕಡೆಯಿಂದ ಕರೆ ಬಂತು. ಒಂದು ಕಡೆ ಒಬ್ಬ ದರ್ಜಿ, ಇನ್ನೊಂದು ಕಡೆ ಇವಳ ತಮ್ಮ. ಅಂಕಿ ಇಬ್ಬರದೂ ಒಂದೇ.

"ಕೊಡಿಲ್ಲಿ, ನಾನು ಮಾತಾಡ್ತೀನಿ" ಎಂದೆ.

"ತಮ್ಮ ಅಂತ ಮುಂದೆ ತಳ್ಳಲ್ಲ ಕಣೇ, ಹೆದರಬೇಡ" ಎಂದಳು. ತನ್ನವನೆಂದು ಪಕ್ಷಪಾತ ಮಾಡಿಬಿಟ್ಟೇನು ಎಂಬುದೊಂದೇ ಅವಳ ಭಯ.

ದರ್ಜಿ "ಮಾರ್ಕೆಟ್... ಹಿಂದೆ..." ಎಂದು ಅಲ್ಲಿಗೇ ನಿಂತ. ತಮ್ಮನ ದನಿ ನನ್ನ ಕುರ್ಚಿಯವರೆಗೂ ಕೇಳಿಸಿತು. "ಏನಕ್ಕಾ, ನಮ್ಮನೆ ದಾರಿ ಮರೆತೋಯ್ತಾ? ಡಿಪೋ, ಸಂತೆ ಬೀದಿ, ಹಳೇ ಸೇತುವೆ, ಹೈಸ್ಕೂಲು, ನೀರಿನ ಟ್ಯಾಂಕು, ಇಳಿಯೋರು ಬೇಗ ಇಳೀರಿ!" ಫೋನಕ್ಕ ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕಿದ್ದಳು. "ದರ್ಜಿ ಮೊದಲು ಬರಲಿ ಸಾರ್, ಇವನು ಗಟ್ಟಿಯಾಗಿದಾನೆ" ಎಂದು ಡಾಕ್ಟರಿಗೆ ತಿಳಿಸಿದಳು.

ದರ್ಜಿಯನ್ನು ಇಳಿಸಿ, ಒಳಗೆಲ್ಲ ಔಷಧಿ ಹೊಡೆದು, ಆಂಬುಲೆನ್ಸ್ ತಮ್ಮನಿಗಾಗಿ ಹೊರಟಿತು. ಅದು ದಾರಿಯಲ್ಲಿರುವಾಗಲೇ ಅಲ್ಲಿಯ ನರ್ಸ್ ಫೋನ್ ಮಾಡಿದಳು. ತಮ್ಮ ಹೋಗಿಬಿಟ್ಟಿದ್ದ.

"ನಿಮ್ಮ ಫೋನು ಅಂದ ತಕ್ಷಣ ಎದ್ದು ಕೂತ್ರು ಅಕ್ಕ" ಎಂದಳು ನರ್ಸ್. "‘ಸ್ವಲ್ಪ ತಡಿಯಮ್ಮ, ನಮ್ಮಕ್ಕ ಗಾಬರಿ ಆಗ್ತಾಳೆ’ ಅಂತ ನಂಗೆ ಹೇಳಿ, ಮಾಸ್ಕ್ ಒತ್ತಿ ಹಿಡ್ಕೊಂಡು ಉಸಿರು ತುಂಬಿಸ್ಕೊಂಡ್ರು. ಫೋನ್ ಇಟ್ಟ ಮೇಲೆ ಒಂದು ಮಾತೂ ಆಡ್ಲಿಲ್ಲ."

"ಆಗಲೇ ಹೇಳೋಕೆ ನಿಂಗೇನಾಗಿತ್ತು?" ಎಂದು ನಾನು ಫೋನ್ ಕಸಿದುಕೊಂಡು ಕೂಗಾಡಿದೆ.

"ಮಾಡ್ತಾನೇ ಇದ್ದೆ ಅಕ್ಕ, ನಿಮ್ ಲೈನ್ ಸಿಗ್ಲೇ ಇಲ್ಲ" ಎಂದು ಆ ಹುಡುಗಿ ಅತ್ತಳು. ಅವಳನ್ನು ಬೈದು ಏನು ಬಂತು? ಬೈಯಬೇಕಾದ್ದು ಇಷ್ಟು ಜನಕ್ಕೆ ಒಂದೇ ಗಾಡಿ ಕೊಟ್ಟವರನ್ನು. ಅವರ ನಂಬರು ನಮ್ಮ ಹತ್ತಿರ ಇರಲಿಲ್ಲ.

ದರ್ಜಿ ಬದುಕಿದ. ಆ ಸುದ್ದಿ ಕೇಳಿ ಫೋನಕ್ಕ ಸಂತೋಷಪಟ್ಟಳು, ಸುಳ್ಳಲ್ಲ. ಆಮೇಲೆ ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡು ಅತ್ತಳು. ನಾನು ಬಾಗಿಲ ಹೊರಗೆ ನಿಂತು ಅತ್ತೆ.

ರಜೆ ಹಾಕೆಂದರೆ ಕೇಳಲಿಲ್ಲ, ಮಾರನೆಯ ವಾರವೇ ಬಂದು ಕೂತಳು. ಮೊದಲ ಕರೆ ಯಾರೋ ಮುದುಕನದು. ಏನೂ ಕೇಳುವ ಮೊದಲೇ ಅವಳು ಹೇಳಿದಳು, "ನೋಡಿ ಯಜಮಾನ್ರೇ, ನಾನು ನಿಮಗೆ ಯಾರೂ ಅಲ್ಲ. ನನ್ ಹತ್ರ ಧೈರ್ಯ ತೋರಿಸ್ಬೇಡಿ."